ನೀವು ಹೋಗಿ ಬರ್ರಿ ಅಂದವಳು

ಡ್ಯಾನ್‌ವಿಲ್ಲಿನ ಹಳೆಯ ಕಾಗದಪತ್ರಗಳ ಕೋಣೆಗೆ ನಾನು ಸಂಬಳವಿಲ್ಲದ ಕೆಲಸಕ್ಕೆ ಸೇರಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ಅಲ್ಲಿಯವರು ತಿಳಿದಿದ್ದಾರೆ. ನಿಜವಾದ ಕಾರಣ ಸಿಟ್ಟು. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳು ವಿಜಯಪುರದವಳು, ನಾನು ಧಾರವಾಡದವಳು. ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆರೆ ಸುತ್ತಿದವರು ನಾವು. ಮೊದಲು ವಾರಕ್ಕೆರಡು ದಿನ, ನಾನು ಕೆಲಸ ಬಿಟ್ಟ ಮೇಲೆ ದಿನಾ ಬೆಳಿಗ್ಗೆ. ಹೋದ ಬೇಸಿಗೆಯಲ್ಲಿ ಯುರೋಪ್ ಪ್ರವಾಸ ಮುಗಿಸಿ ಬಂದ ಮೇಲೆ ಅವಳು ವಾಕಿಂಗಿಗೆ ಬರುವುದನ್ನು ಬಿಟ್ಟಳು. ಕೇಳಿದರೆ ಮೊಣಕಾಲು ನೋವು ಎಂದಳು. ಮೊಣಕಾಲು ನೋಯುವವಳು ಸಂಜೆ ಅದೇ ಕೆರೆಯ ಸುತ್ತ ಒಬ್ಬಳೇ ದಡದಡ ನಡೆಯುವುದನ್ನು ನನ್ನ ಗಂಡ ಕಣ್ಣಾರೆ ನೋಡಿ ಬಂದು ಹೇಳಿದರು.

"ಏನಾತಂತ?" ಎಂದು ಅವರು ಕೇಳಿದರು.

"ನನಗೇನ ಗೊತ್ತ್ರಿ? ನಾ ಏನೂ ಅಂದಿಲ್ಲ, ಏನೂ ಮಾಡಿಲ್ಲ," ಎಂದೆ. ಈ ಮಾತನ್ನು ಮುಂದಿನ ಆರು ತಿಂಗಳಲ್ಲಿ ಎಷ್ಟು ಸಲ ಹೇಳಿದೆನೋ. ಫೋನು ಮಾಡಿದರೆ ಎತ್ತುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು. ಆರಾಮ ಇದ್ದೀಯಾ, ಆರಾಮ ಇದ್ದೀನಿ, ಮೊಮ್ಮಕ್ಕಳು ಹೇಗಿದ್ದಾರೆ, ಚೆನ್ನಾಗಿದ್ದಾರೆ. ಜಗಳಾಡಿದ್ದರೆ ಬೇಕಾಗಿತ್ತು. ಜಗಳ ಮುಗಿಯುತ್ತದೆ, ಈ ಸಭ್ಯತೆಗೆ ಕೊನೆಯೇ ಇರಲಿಲ್ಲ.

ಬೆಳಗಿನ ಹೊತ್ತು ಖಾಲಿಯಾಗಿ ಮೈ ಪರಚಿಕೊಳ್ಳುವ ಹಾಗಾದಾಗ ಯಾರೋ ಈ ಕೋಣೆಯ ವಿಷಯ ಹೇಳಿದರು. ಮಂಗಳವಾರ ಮತ್ತು ಗುರುವಾರ ಕಣಿವೆ ದಾಟಿ ಫ್ರೀವೇ ಹಿಡಿದು ಹೋಗತೊಡಗಿದೆ. ಅಲ್ಲಿಯ ಉಸ್ತುವಾರಿ ನನ್ನ ಮಗಳ ವಯಸ್ಸಿನ ಅಮೆರಿಕನ್ ಹೆಣ್ಣುಮಗಳದು. ಒಳ್ಳೆಯವಳು, ಎರಡು ಡಿಗ್ರಿ ಮಾಡಿದವಳು, ಆದರೆ ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬಾರದು. ಶಾಲೆಯಲ್ಲಿ ಕಲಿಸಲೇ ಇಲ್ಲವಂತೆ. ನಾನು ಧಾರವಾಡದ ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕ ತುಂಬಿಸಿ, ಬಾಲ ಸರಿಯಾಗಿ ಬಾಗದ ಒಂದೊಂದು ಅಕ್ಷರಕ್ಕೂ ಬೆರಳಗಂಟಿನ ಮೇಲೆ ಅಡಿಪಟ್ಟಿಯ ಏಟು ತಿಂದವಳು. ಆ ಏಟುಗಳು ಅರುವತ್ತರ ಹತ್ತಿರ ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಉಪಯೋಗಕ್ಕೆ ಬಂದವು. ಅವಳು ನನ್ನ ಮುಂದೆ ಒಂದು ಕಂದು ರಟ್ಟಿನ ಡೈರಿ ಇಟ್ಟಳು. ಓದಿ, ಕಂಪ್ಯೂಟರಿಗೆ ಹೊಡೆದು ಕೊಡಬೇಕು. ಅಷ್ಟೇ ಕೆಲಸ.

ಡೈರಿ ಹತ್ತೊಂಬತ್ತನೆಯ ಶತಮಾನದ ಒಬ್ಬ ಇಂಗ್ಲಿಷಿನವನದು. ಅವನ ಮನೆತನದ ಯಾರೋ ಈ ಕಡೆ ವಲಸೆ ಬಂದಾಗ ಪೆಟ್ಟಿಗೆಯಲ್ಲಿ ತಂದದ್ದು. ಹತ್ತಿಬಟ್ಟೆಯ ವ್ಯಾಪಾರಿಯ ಮಗ. ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಇಪ್ಪತ್ತಾರು ದಿನಗಳಲ್ಲಿ ಬೆಲ್ಜಿಯಂ, ರೈನ್ ನದಿ, ಸ್ವಿಟ್ಜರ್ಲೆಂಡ್, ಪ್ಯಾರಿಸ್ ಎಲ್ಲ ಮುಗಿಸಿ ಬಂದಿದ್ದ. ಗೆಳೆಯರಲ್ಲಿ ಒಬ್ಬ ವಕೀಲಿ ಕಲಿಯುತ್ತಿದ್ದವನು, ಇನ್ನೊಬ್ಬ ಪಾದ್ರಿಯ ಮಗ.

ಮೊದಲ ದಿನದಿಂದಲೇ ಅವನನ್ನು ಕಂಡರೆ ನನಗೆ ಆಗಲಿಲ್ಲ. ಆ ಮನುಷ್ಯ ಯುರೋಪಿನಲ್ಲಿ ನೋಡಿದ್ದೇನು? ದಿಂಬು ತೆಳ್ಳಗಿತ್ತು. ಕಾಫಿ ಕಹಿ. ಹಾಸಿಗೆ ಮೊಳಕಾಲಿಗೇ ಮುಗಿಯಿತು. ಕಲೋನಿನ ದೊಡ್ಡ ಚರ್ಚಿಗೆ ಹೋದ, ಕತ್ತಲಾಗಿತ್ತು ಎಂದು ಬರೆದ, ಅಲ್ಲಿಂದ ಹೊರಬಿದ್ದು ಊರಿನ ಗಟಾರದ ವಾಸನೆಗೆ ಅರ್ಧ ಪುಟ ಕೊಟ್ಟ. ಬ್ರಸೆಲ್ಸಿನಲ್ಲಿ ಒಂದು ಚಿತ್ರದ ಮುಂದೆ ನಿಂತದ್ದು ಎಷ್ಟು ನಿಮಿಷ ಎಂದು ಬರೆದಿದ್ದಾನೆ, ಚಿತ್ರದಲ್ಲಿ ಏನಿತ್ತೆಂದು ಬರೆದಿಲ್ಲ. ಪ್ರತಿ ಪುಟದ ತಲೆಯ ಮೇಲೆ ಎದ್ದ ಹೊತ್ತು, ಹೊರಟ ಹೊತ್ತು, ಮುಟ್ಟಿದ ಹೊತ್ತು. ಒಂದು ದಿನವೂ ಹಾಳಾಗಲಿಲ್ಲ ಎಂದು ವಾರಕ್ಕೊಮ್ಮೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ.

ಸಂಜೆ ಊಟಕ್ಕೆ ಕೂತಾಗ ಗಂಡನ ಮುಂದೆ ಅವನನ್ನು ಬೈಯುತ್ತಿದ್ದೆ. "ಅಷ್ಟು ದೂರ ಹೋಗಿ ದಿಂಬು ನೋಡಿ ಬಂದಾನ್ರಿ ಆ ಮೂಳ," ಎಂದೆ ಒಂದು ದಿನ.

ಅವರು ಚಪಾತಿ ಹರಿಯುತ್ತ, "ನೀವು ಏನ ನೋಡಿ ಬಂದ್ರಿ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಪಲ್ಯದ ಪಾತ್ರೆಯನ್ನು ಅವರಿಂದ ದೂರ ಸರಿಸಿದೆ.

ನಾವು ಹೋದದ್ದು ಮೂವರು ಹೆಂಗಸರು: ನಾನು, ಈ ಗೆಳತಿ, ಮತ್ತು ಡ್ಯಾನ್‌ವಿಲ್ಲಿನ ದೊಡ್ಡ ಮನೆಯ ಇನ್ನೊಬ್ಬಳು. ಆಕೆ ಬೆಂಗಳೂರಿನವಳು, ಹಿಂದೆ ನನ್ನ ಜೊತೆ ಒಂದೇ ಆಫೀಸಿನಲ್ಲಿದ್ದವಳು, ಏನನ್ನಾದರೂ ಪಟ್ಟಿ ಮಾಡದೆ ಉಸಿರಾಡದವಳು. ಹನ್ನೊಂದು ದಿನ, ಆರು ದೇಶ. ಅದನ್ನು ಅರ್ಧ ಗಂಟೆಯ ತುಂಡುಗಳಾಗಿ ಕತ್ತರಿಸಿ, ಬಣ್ಣ ಹಚ್ಚಿ, ನಮ್ಮ ಫೋನುಗಳಿಗೆ ಕಳಿಸಿದ್ದಳು. ಹಸಿರು ಎಂದರೆ ನೋಡುವುದು, ಹಳದಿ ಎಂದರೆ ಊಟ, ಕೆಂಪು ಎಂದರೆ ರೈಲು. ಬಚ್ಚಲಿಗೆ ಹೋಗಲು ಬಣ್ಣವೇ ಇರಲಿಲ್ಲ. ನನ್ನ ಗೆಳತಿ ಆ ಪಟ್ಟಿಯನ್ನು ತೆರೆದೂ ನೋಡಲಿಲ್ಲ. "ನೀ ಎಲ್ಲಿ ಹೋಗ್ತೀಯೋ ನಾನೂ ಅಲ್ಲಿಗೆ ಬರ್ತೀನಿ, ಪಟ್ಟಿ ಯಾಕ ನನಗ?" ಎಂದು ನನಗೆ ಹೇಳಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಮತ್ತು ಇಪ್ಪತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಹೊರಟಳು. ಅವಳಿಗೆ ಇಂಗ್ಲಿಷು ತಿಳಿಯುತ್ತದೆ, ಆಡಲು ಹಿಂಜರಿಕೆ. ಇಲ್ಲಿ ಗ್ರೋಸರಿಯಲ್ಲೂ ಡಾಕ್ಟರ ಹತ್ತಿರವೂ ಅವಳ ಪರವಾಗಿ ಬಾಯಿ ತೆಗೆಯುತ್ತಿದ್ದವಳು ನಾನೇ.

ಏಳನೆಯ ದಿನ ಸ್ವಿಟ್ಜರ್ಲೆಂಡಿನ ಒಂದು ಕೆರೆಯ ಊರು. ಹಿಂದಿನ ರಾತ್ರಿಯಿಂದ ಅವಳಿಗೆ ವಾಂತಿ, ಬೆಳಿಗ್ಗೆ ಮೈ ಬಿಸಿ. ನಾವು ಬೆಟ್ಟದ ರೈಲು ಹತ್ತಬೇಕು. ಇಡೀ ಪ್ರವಾಸದಲ್ಲಿ ನಾನು ಬೇಕೆಂದು ಕೇಳಿ ಹಾಕಿಸಿದ್ದು ಅದೊಂದೇ ಹಸಿರು ಚೌಕ. ಹಿಮ ಹೊತ್ತ ಆ ಬೆಟ್ಟದ ಚಿತ್ರ ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಎರಡು ವರ್ಷ ತೂಗಿತ್ತು. ವರ್ಷ ಮುಗಿದರೂ ನಮ್ಮವ್ವ ತೆಗೆಯಲು ಬಿಟ್ಟಿರಲಿಲ್ಲ.

ಗೆಳತಿ ಹಾಸಿಗೆಯಿಂದಲೇ, "ನೀವು ಹೋಗಿ ಬರ್ರಿ," ಎಂದಳು. "ನನ್ನ ಸಲುವಾಗಿ ಯಾಕ ಕೆಡಿಸ್ಕೋತೀರಿ? ನಾ ಮಲ್ಕೊಂಡಿರ್ತೀನಿ."

"ಖರೇ ಹೇಳ್ತೀಯೇನು?" ಎಂದೆ.

"ಖರೇನ. ಹೋಗ್ರಿ."

ಡ್ಯಾನ್‌ವಿಲ್ಲಿನವಳು ಆಗಲೇ ಬಾಗಿಲಲ್ಲಿದ್ದಳು. "ಅವಳೇ ಹೇಳ್ತಿದಾಳಲ್ಲ ಕಣೇ. ಮಾತ್ರೆ ಕೊಟ್ಟಿದೀನಿ, ನೀರು ಇಟ್ಟಿದೀನಿ. ಈ ಟಿಕೆಟ್ಟು ನಾಳೆಗೆ ಚೇಂಜು ಮಾಡಕ್ಕಾಗಲ್ಲ," ಎಂದಳು. ನಾನು ಶೂ ಹಾಕಿಕೊಂಡೆ.

ಬೆಟ್ಟದ ಮೇಲೆ ಮಂಜು. ಮಂಜೆಂದರೆ, ಚಾಚಿದ ಕೈ ಕಾಣದಷ್ಟು. ಎರಡು ತಾಸು ಗಾಜಿನ ಕೋಣೆಯಲ್ಲಿ ಕೂತು ಬಿಳಿ ಗೋಡೆಯಂಥದ್ದನ್ನು ನೋಡಿದೆವು. ಡ್ಯಾನ್‌ವಿಲ್ಲಿನವಳು ಅದರ ಮುಂದೆಯೂ ನಿಲ್ಲಿಸಿ ಫೋಟೋ ತೆಗೆದಳು. ಹನ್ನೊಂದರ ಸುಮಾರಿಗೆ ನನ್ನ ಫೋನಿನಲ್ಲಿ ಗೆಳತಿಯ ಒಂದು ಮಿಸ್ಡ್ ಕಾಲ್ ಇತ್ತು. ಚಹಾದ ಸಾಲಿನಲ್ಲಿ ನಿಂತಿದ್ದೆ. ಎದ್ದು ಫೋನು ಹಿಡಿದಿದ್ದಾಳೆಂದರೆ ಆರಾಮಾಗಿದ್ದಾಳೆ ಎಂದು ತೀರ್ಮಾನಿಸಿದೆ. ಕೆಳಗಿಳಿದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಕೆಳಗಿಳಿದ ಮೇಲೆ ಅಂಗಡಿ ಸಾಲು ಬಂತು, ಅವಳಿಗಾಗಿ ಚಾಕಲೇಟು ಆರಿಸುವುದರಲ್ಲಿ ಮರೆತೆ. ಹೋಟೆಲಿಗೆ ಬಂದಾಗ ಸಂಜೆ ಆರು. ಅವಳು ಎದ್ದು ಕೂತು, ತಲೆ ಬಾಚಿಕೊಂಡು, ಕಿಟಕಿ ನೋಡುತ್ತಿದ್ದಳು. ಹೇಗಿದ್ದೀಯಾ ಎಂದರೆ, "ಏನಾಗ್ಯದ ನನಗ? ಬೆಟ್ಟ ಕಂಡಿತಾ?" ಎಂದಳು. ಚಾಕಲೇಟು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಮರುದಿನ ಮಿಲಾನಿಗೆ ಹೋದೆವು. ಉಳಿದ ನಾಲ್ಕು ದಿನ ಅವಳು ನಾವು ಹೇಳಿದಲ್ಲಿ ನಿಂತಳು, ನಡೆ ಎಂದಾಗ ನಡೆದಳು. ಸುಸ್ತು ಎಂದುಕೊಂಡೆ.

ಇದಿಷ್ಟೇ ನಡೆದದ್ದು. ಇದರಲ್ಲಿ ನನ್ನದೇನು ತಪ್ಪು ಎಂದು ಆರು ತಿಂಗಳು ನನ್ನ ಜೊತೆ ನಾನೇ ವಾದ ಹೂಡಿದೆ. ಹೋಗಿರಿ ಎಂದವಳು ಅವಳು. ಬೇಡ ಎನ್ನಬಹುದಿತ್ತು, ಅವಳಿಗೂ ಬಾಯಿದೆ. ಡ್ಯಾನ್‌ವಿಲ್ಲಿನವಳ ಜೊತೆ ಅವಳು ಎಂದಿನಂತೆಯೇ ಇದ್ದಳು, ಹಬ್ಬಕ್ಕೆ ಹೋಗಿ ಊಟ ಮಾಡಿ ಬಂದಳು ಎಂದು ಕೇಳಿ ಇನ್ನೂ ತಲೆ ಕೆಟ್ಟಿತು. ಬಾಗಿಲಲ್ಲಿ ನಿಂತು ಅವಸರ ಮಾಡಿದವಳಿಗೆ ಊಟ, ಖರೇ ಹೇಳ್ತೀಯೇನು ಎಂದು ಕೇಳಿದ ನನಗೆ ಮೊಣಕಾಲು ನೋವು!

ಡೈರಿಯ ಆ ಪುಟ ಬಂದದ್ದು ಮಾಘದ ಚಳಿಯಲ್ಲಿ, ಒಂದು ಗುರುವಾರ. ಮೂವರೂ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಛತ್ರದಂಥ ತಂಗುಮನೆಯಲ್ಲಿದ್ದಾರೆ. ಪಾದ್ರಿಯ ಮಗನಿಗೆ ಜ್ವರ. ಮರುದಿನ ಕಣಿವೆ ದಾಟಲು ಹೇಸರಗತ್ತೆಗಳಿಗೆ ಹೇಳಿಯಾಗಿದೆ. ನನಗಾಗಿ ನಿಮ್ಮ ದಿನ ಹಾಳಾಗುವುದು ಬೇಡ, ನೀವು ಮುಂದೆ ಹೋಗಿ ಎಂದು ಅವನು ದೊಡ್ಡ ಮನಸ್ಸು ಮಾಡಿ ಒತ್ತಾಯಿಸಿದ ಎಂದು ನಮ್ಮ ಡೈರಿಯವನು ಬರೆದಿದ್ದಾನೆ. ಹೋದರು. ಆ ಮುಂದಿನ ಒಂದೂವರೆ ಪುಟ ಅಲ್ಲಿ ಸಿಕ್ಕ ಚೀಸಿನ ಬಗ್ಗೆ.

ನಾನು ಟೈಪು ಹೊಡೆಯುವುದನ್ನು ನಿಲ್ಲಿಸಿ ಪುಟ ತಿರುವತೊಡಗಿದೆ. ಜ್ವರದವನು ಏನಾದ? ಬಾಸೆಲ್ಲಿನಲ್ಲಿ ಇಲ್ಲ. ಪ್ಯಾರಿಸಿನಲ್ಲಿ ಟೋಪಿಯ ಅಂಗಡಿ ಇದೆ, ಅವನಿಲ್ಲ. ಒಬ್ಬ ಮನುಷ್ಯನ ಜೀವಕ್ಕೆ ಈ ಪುಣ್ಯಾತ್ಮ ಒಂದು ಸಾಲು ಬರೆಯಲಾರನೇ ಎಂದು ಗೊಣಗುತ್ತ, ಕೊನೆಯ ಹಾಳೆಗಳಿಗೆ ಬಂದೆ. ಅಲ್ಲಿದ್ದ. ಬದುಕಿದ್ದ. ಊರಿಗೆ ಮರಳಿ ಒಂದು ತಿಂಗಳ ಮೇಲೆ ಯಾರದೋ ಮನೆಯ ಊಟದಲ್ಲಿ ಸಿಕ್ಕನಂತೆ. ಮಾತು ಕಡಿಮೆಯಾಗಿತ್ತು, ನನ್ನ ಮೇಲೆ ಏಕೋ ಮುನಿಸಿದ್ದಂತೆ ಕಂಡ, ಕಾರಣ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ ಎಂದು ಬರೆದು, ಕೆಳಗೆ ಗೆರೆ ಎಳೆದು, ಡೈರಿ ಮುಗಿಸಿದ್ದಾನೆ.

"ಹೊಳೆಯಲಿಲ್ಲವಂತೆ," ಎಂದು ಕನ್ನಡದಲ್ಲಿಯೇ ಗಟ್ಟಿಯಾಗಿ ಅಂದುಬಿಟ್ಟೆ. "ಕತ್ತೆ, ಹೆಂಗ ಹೊಳೀತದ ನಿನಗ?"

ಉಸ್ತುವಾರಿಯ ಹೆಣ್ಣುಮಗಳು ತಲೆಯೆತ್ತಿ, "ಆರ್ ಯು ಓಕೆ?" ಎಂದಳು. ಓಕೆ ಎಂದೆ. ಓಕೆ ಇರಲಿಲ್ಲ. ಗಂಡನಿಗೆ ನಾನು ಹೇಳುತ್ತ ಬಂದ ಮಾತೇ ಇಂಗ್ಲಿಷಿನಲ್ಲಿ, ಸುಂದರ ಅಕ್ಷರದಲ್ಲಿ, ಕಣ್ಣ ಮುಂದಿತ್ತು.

ಕಾರಿನಲ್ಲಿ ಬರುವಾಗ ಮನಸ್ಸು ಇನ್ನೂ ವಾದ ಬಿಟ್ಟಿರಲಿಲ್ಲ. ಅವನು ಇಂಗ್ಲಿಷಿನವನು, ಆಡಿದ ಮಾತನ್ನು ಆಡಿದ ಹಾಗೆಯೇ ಹಿಡಿದ. ನಾನು? ನಮ್ಮ ಕಡೆ ಯಾರಾದರೂ ಮೊದಲ ಸಲಕ್ಕೆ ಹೂಂ ಎನ್ನುತ್ತಾರೆಯೇ? ಊಟಕ್ಕೆ ಏಳ್ರಿ ಎಂದರೆ ಆಗ್ಯದ್ರಿ ಎನ್ನಬೇಕು, ಹಸಿದು ಸಾಯುತ್ತಿದ್ದರೂ. ಏನಾಗ್ಯದ, ಏಳ್ರಿ ಎಂದು ಎರಡನೆಯ ಸಲ. ಮೂರನೆಯ ಸಲ ಕೈ ಹಿಡಿದು ಎಬ್ಬಿಸಿದ ಮೇಲೆ ಎಲೆಯ ಮುಂದೆ ಕೂರಬೇಕು. ಬಡಿಸುವಾಗ ಸಾಕು ಸಾಕು ಎಂದು ಎಲೆಯ ಮೇಲೆ ಅಡ್ಡ ಹಿಡಿದ ಕೈ ಎಷ್ಟು ಗಟ್ಟಿ ಹಿಡಿದದ್ದು, ಎಷ್ಟು ಸಡಿಲ ಎಂದು ನೋಡಿ ಬಡಿಸುವುದೇ ಬಡಿಸುವವರ ಜಾಣತನ. ಡ್ಯಾನ್‌ವಿಲ್ಲಿನವಳಿಗೆ ಇದೆಲ್ಲ ಅಷ್ಟಾಗಿ ತಿಳಿಯದು, ಗೆಳತಿಗೆ ಅವಳ ಮೇಲೆ ಸಿಟ್ಟಿಲ್ಲದ್ದು ಅದಕ್ಕೇ. ಮೂವತ್ತು ವರ್ಷ ಈ ದೇಶದಲ್ಲಿ ಎಸ್ ಎಂದರೆ ಎಸ್, ನೋ ಎಂದರೆ ನೋ ಎಂದು ಮೀಟಿಂಗುಗಳಲ್ಲಿ ಕೂತು ಕೂತು ನನಗೆ ನಮ್ಮ ರೂಢಿ ಮರೆತುಹೋಯಿತು, ಪಾಪ, ಎಂದು ನನಗೊಂದು ಕ್ಷಮೆ ತಯಾರು ಮಾಡಿಕೊಂಡೆ. ಅದನ್ನು ಹಿಡಿದುಕೊಂಡು ನೇರ ಅವಳ ಮನೆಗೇ ಹೋದೆ.

ಬಾಗಿಲು ತೆರೆದಳು. ಮಗ ಸೊಸೆ ಆಫೀಸಿಗೆ, ಮಕ್ಕಳು ಶಾಲೆಗೆ. ಅಡಿಗೆಮನೆಯ ಮೇಜಿನ ಹತ್ತಿರ ಕೂರಿಸಿದಳು.

"ಚಹಾ ಮಾಡಲೇನು?" ಎಂದಳು.

"ಬ್ಯಾಡ ಬ್ಯಾಡ, ಈಗ ಕುಡದು ಬಂದೀನಿ," ಎಂದೆ. ಬಾಯಿಗೆ ಅದು ತಾನಾಗಿಯೇ ಬರುತ್ತದೆ. ಬೆಳಿಗ್ಗೆ ಏಳರಿಂದ ನೀರೂ ಮುಟ್ಟಿರಲಿಲ್ಲ.

"ಆತು," ಎಂದು ಅವಳು ನನ್ನ ಎದುರಿಗೆ ಕೂತಳು.

ಕೂತೇ ಇದ್ದಳು. ಏಳಲಿಲ್ಲ, ಅರ್ಧ ಕಪ್ಪಾದರೂ ಎನ್ನಲಿಲ್ಲ. ವಿಜಯಪುರದ ಹೆಣ್ಣುಮಗಳ ಮನೆಯಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ, ನನ್ನ ಮುಂದೆ ಖಾಲಿ ಮೇಜಿತ್ತು. ಮಳೆಯ ಮಾತಾಯಿತು, ನನ್ನ ಮೊಮ್ಮಗಳ ಡೇಕೇರಿನ ಮಾತಾಯಿತು. ಕಾಲು ಗಂಟೆಯಾಯಿತು. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬರುವ ಹಾಗಾಯಿತು, ಕೊನೆಗೆ ಸಿಟ್ಟೇ ಬಂತು.

"ನನಗ ಚಹಾ ಬೇಕು," ಎಂದೆ. "ಬ್ಯಾಡ ಅಂದದ್ದು ಸುಳ್ಳು. ಬೇಕು."

ಅವಳು ನನ್ನ ಮುಖ ನೋಡಿದಳು. ಎದ್ದು ಪಾತ್ರೆಗೆ ನೀರು ಹಾಕಿದಳು. ನನಗೆ ಬೆನ್ನು ಮಾಡಿ ನಿಂತು, ಶುಂಠಿ ಜಜ್ಜುತ್ತ, ಆರು ತಿಂಗಳಲ್ಲಿ ಹೇಳದ್ದನ್ನು ಹೇಳಿದಳು.

"ಅವತ್ತ ನೀವು ಹೋದ ಮ್ಯಾಲೆ ಬಚ್ಚಲದಾಗ ಬಿದ್ದೆ. ಏಳಾಕ ಬರಲಿಲ್ಲ. ಬಟ್ಟಿ ಎಲ್ಲಾ ಹೊಲಸಾಗಿತ್ತು. ಫೋನ್ ಕಿಸೆದಾಗಿತ್ತು, ನಿನಗ ಮಾಡಿದೆ."

ಜಜ್ಜಿದ ಶುಂಠಿಯನ್ನು ಅವಳು ನೀರಿಗೆ ಹಾಕಿದಳು.

"ಕೋಣಿ ಕಸ ಹೊಡಿಯಾಕಿ ಬಂದ್ಲು. ಯಾವ ದೇಶದಾಕಿಯೋ. ಎಬ್ಬಿಸಿದ್ಲು, ಮೈ ತೊಳದ್ಲು, ಬಟ್ಟಿ ಹಾಕಿದ್ಲು. ನನಗ ನಾಚಿಕಿ. ನಿನ್ನ ಕೆಲಸ ನೋಡವ್ವಾ, ನೀ ಹೋಗು, ಅಂದೆ. ಕೈ ಮಾಡಿ ಹೋಗು ಹೋಗು ಅಂದೆ. ಆಕಿ ಹೋಗಲಿಲ್ಲ. ಕುರ್ಚಿ ಜಗ್ಗಿಕೊಂಡು ಮಗ್ಗಲದಾಗ ಕೂತ್ಲು. ಮತ್ತ ಹೋಗು ಅಂದೆ. ನನ್ನ ಕೈ ಹಿಡಕೊಂಡು ಕೂತ್ಲು. ನಾಕು ಗಂಟೆತನಕ." ಅವಳು ಸಕ್ಕರೆ ಹಾಕಿದಳು. "ಆಕಿಗೆ ನನ್ನ ಮಾತು ಒಂದೂ ತಿಳಿಯೂದಿಲ್ಲ. ಆಕಿ ಕೂತ್ಲು. ನಿನಗ ಎಲ್ಲಾ ತಿಳೀತದ."

ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು: ಈ ದೇಶದಲ್ಲಿ ಇದ್ದು ಇದ್ದು ನಮ್ಮ ರೂಢಿ ಮರೆತುಹೋಯಿತು, ಹೋಗು ಅಂದದ್ದನ್ನು ಖರೆ ಎಂದೇ ತಿಳಿದೆ. ಹೇಳಿದ್ದರೆ ನಂಬುತ್ತಿದ್ದಳೇನೋ. ಅವಳಿಗೂ ನಂಬಲು ಏನಾದರೂ ಬೇಕಾಗಿತ್ತು.

"ನನಗ ಗೊತ್ತಿತ್ತು," ಎಂದೆ. "ನೀ ಹೋಗ್ರಿ ಅಂದಾಗನ ಗೊತ್ತಿತ್ತು. ಎರಡನೇ ಸಲ ಕೇಳಿದ್ರ ನೀ ಇರು ಅಂತಿದ್ದಿ. ಅದಕ್ಕ ಕೇಳಲಿಲ್ಲ. ನನಗ ಬೆಟ್ಟ ನೋಡಬೇಕಾಗಿತ್ತು."

ಅವಳು ತಿರುಗಲಿಲ್ಲ. ಚಹಾ ಉಕ್ಕುವ ಹೊತ್ತಿಗೆ ಸರಿಯಾಗಿ ಗ್ಯಾಸು ಆರಿಸಿದಳು, ಒಂದು ಕಪ್ಪಿಗೆ ಸೋಸಿ ತಂದು ನನ್ನ ಮುಂದೆ ಇಟ್ಟಳು. ತನಗೆ ಹಾಕಿಕೊಳ್ಳಲಿಲ್ಲ. ನೀನು ಕುಡಿಯುವುದಿಲ್ಲವೇ ಎಂದು ಕೇಳಿದೆ.

"ನನಗ ಬ್ಯಾಡ," ಎಂದಳು.

ನಾನು ಎದ್ದು ಇನ್ನೊಂದು ಕಪ್ಪು ಹುಡುಕತೊಡಗಿದೆ. ಬೇಡ ಎಂದು ಅವಳು ಮತ್ತೆ ಹೇಳಿದಳು, ಮತ್ತೂ ಒಂದು ಸಲ ಹೇಳಿದಳು. ಆ ಬೇಡಗಳಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂದು ನನಗೆ ನಿಜಕ್ಕೂ ತಿಳಿಯಲಿಲ್ಲ. ಅರ್ಧ ಚಹಾ ಅದಕ್ಕೆ ಸುರಿದು ಅವಳ ಮುಂದಿಟ್ಟು ಕೂತೆ. ಅವಳು ಅದನ್ನು ಮುಟ್ಟಲಿಲ್ಲ. ಮೂರು ಗಂಟೆಗೆ ಮಕ್ಕಳು ಶಾಲೆಯಿಂದ ಬರುವವರೆಗೆ ನಾನು ಅಲ್ಲಿಂದ ಏಳಲಿಲ್ಲ.